ಟ್ರೋಕರಿ ಎಂಬ ಮಾತು

ಸರ್ಕಾರ ಮದ್ಯ ನಿಷೇಧಿಸಿದ ಮೇಲೆ ಕೋಟ್ಕಾ ಬಂದರಿನ ದಡದ ಬೆಸ್ತರ ಕೇರಿಯಲ್ಲಿ ಕಳ್ಳಸಾರಾಯಿ ಮಾರುವವನಿಗೆ ‘ಟ್ರೋಕರಿ’ ಎಂಬ ಹೆಸರು ಬಿತ್ತು. ಮಾತು ಎಲ್ಲಿಯದೆಂಬ ಜಗಳ ಮಾತ್ರ ಬಗೆಹರಿಯಲಿಲ್ಲ. ಸ್ವೀಡಿಷರದು ಎಂದು ಮೇಷ್ಟರು. ಅಲ್ಲ, ರಷ್ಯದ ವ್ಯಾಪಾರಿಗಳದು ಎಂದು ಹಡಗಿನವರು.

"ಎಲ್ಲಿಂದಾದ್ರೂ ಬರ್ಲಿ, ಸಂಸಾರ ಹೂಡಿರೋದು ರೂಬೆನ್ ಮನೇಲಿ," ಎಂದಳು ಸೈಮಿ.

ನಕ್ಕವರು ತಟ್ಟನೆ ಬಾಯಿ ಮುಚ್ಚಿಕೊಂಡರು. ಎದುರಿಗೆ ಎಲ್ಲರೂ ರೂಬೆನ್‌ನನ್ನು ‘ವ್ಯಾಪಾರಿಗಳೇ’ ಎಂದೇ ಕರೆಯುತ್ತಿದ್ದರು.

ಹಿಂದಿನ ಚಳಿಗಾಲ ಅವನು ಮಾರಿದ ಸ್ಪಿರಿಟ್ ಕುಡಿದು ಸೈಮಿಯ ಗಂಡ ವಿಲ್ಯಾಮಿಯ ಎರಡೂ ಕಣ್ಣು ಹೋಗಿದ್ದವು. ಕೇಳಲು ಹೋದಾಗ ರೂಬೆನ್, "ನಾನೇನು ಅವನ ಬಾಯಿಗೆ ಸುರಿದ್ನೇನಮ್ಮಾ? ಬೇಕಾದ್ರೆ ನನ್ನ ಉಪ್ಪಿನ ಚೀಲ ಹೊಲ್ಕೊಡು, ಹೊಟ್ಟೆಪಾಡು ನಡೆಯುತ್ತೆ," ಎಂದಿದ್ದ. ಅವಳು ಹಲ್ಲುಕಚ್ಚಿ ಒಪ್ಪಿಕೊಂಡಳು.

ಸ್ಪಿರಿಟ್ ಡಬ್ಬಿಗಳಿಗೆ ಆ ಚೀಲಗಳನ್ನು ಕಟ್ಟುತ್ತಿದ್ದರು. ಸುಂಕದವರು ಕಂಡರೆ ಎಲ್ಲವನ್ನೂ ಕಡಲಿಗೆ ನೂಕುವುದು. ಕಲ್ಲುಪ್ಪಿನ ಭಾರಕ್ಕೆ ಡಬ್ಬಿಗಳು ಮುಳುಗುತ್ತಿದ್ದವು. ಸುಂಕದವರು ತಿರುಗಿಹೋದ ಎಷ್ಟೋ ಹೊತ್ತಿನ ಮೇಲೆ ಉಪ್ಪು ಕರಗಿ ಡಬ್ಬಿಗಳು ಮೇಲೇಳುತ್ತಿದ್ದವು.

ಬೇಸಿಗೆ ಬಂತು. ಸೈಮಿ ಜಾಳುಜಾಳಾದ ಬಟ್ಟೆಯಲ್ಲಿ ಚೀಲ ಹೊಲಿದು, ಕಲ್ಲುಪ್ಪಿನ ಬದಲು ಪುಡಿಯುಪ್ಪು ತುಂಬಿದಳು. ಆಮೇಲೆ ನೆಟ್ಟಗೆ ಸುಂಕದ ಕಟ್ಟೆಗೆ ನಡೆದು, ದೋಣಿ ಬರುವ ದಿನವನ್ನು ಹೇಳಿಬಂದಳು.

ಅಂದು ದಡದ ತುಂಬ ಜನ. ರೂಬೆನ್ ಖಾಲಿ ದೋಣಿಯಲ್ಲಿ ಕೈಕಟ್ಟಿ ನಿಂತು, "ಹುಡುಕಿ ಸ್ವಾಮಿ, ಮೀನಿನ ಹುರುಪೆ ಸಿಕ್ಕೀತು," ಎಂದು ಸುಂಕದವರನ್ನೇ ಗೇಲಿ ಮಾಡುತ್ತಿದ್ದ. ಅಷ್ಟರಲ್ಲಿ ಅವನ ಬೆನ್ನ ಹಿಂದೆ ಬುಳಕ್ಕೆಂದು ಒಂದು ಡಬ್ಬಿ ಎದ್ದಿತು. ಮತ್ತೊಂದು. ನೋಡನೋಡುತ್ತ ದೋಣಿಯ ಸುತ್ತ ಡಬ್ಬಿಗಳ ಹಿಂಡೇ ತೇಲಿತು.

ಕೈಗೆ ಕೋಳ ಬಿದ್ದಾಗ ಅವನ ಕಣ್ಣು ಜನರ ನಡುವೆ ಸೈಮಿಯನ್ನು ಹುಡುಕಿತು. "ನಿಂದೇನೇ ಈ ಕೆಲಸ?"

"ಹೊಲಿಗೆ ನಂದೇ ಕಣೋ, ಟ್ರೋಕರಿ!"

ಅದುವರೆಗೆ ಬಾಯಿ ಬಿಡದ ಕೇರಿ ಆಗ ಒಕ್ಕೊರಲಿನಿಂದ ಆ ಮಾತನ್ನು ಕೂಗಿತು. ಅವನು ತಲೆ ತಗ್ಗಿಸಿದ. ಸೈಮಿಗೆ ಮರುಕ ಬರಲಿಲ್ಲ. ಬರಬಹುದೆಂದು ಹೆದರಿದ್ದಳು, ಬರಲಿಲ್ಲ.

ಮನೆಯಲ್ಲಿ ವಿಲ್ಯಾಮಿ ಮೀನಿನ ಸಾರು ಮುಟ್ಟದೆ ಕಾಯುತ್ತಿದ್ದ. "ಅವನ ಮುಖ ಹೆಂಗಾಯ್ತೇ?"

ಅವಳು ಪಕ್ಕದಲ್ಲಿ ಕೂತು ಹುಬ್ಬು, ತುಟಿ, ಗದ್ದದ ನಡುಕ ಎಲ್ಲವನ್ನೂ ಬಿಡಿಸಿ ಹೇಳಿದಳು.

"ಇನ್ನೊಂದ್ಸಲ ಹೇಳು," ಎಂದ ಅವನು.