ಭಂಡಾರ ಹಚ್ಚಿದ ಪುಸ್ತಕಗಳು

ಹೊಸಹಳ್ಳಿ ಹೋಬಳಿಯ ಆ ಊರಿನಲ್ಲಿ ಯರ್ರೆಪ್ಪನ ಮನೆ ಹೊರಗಿನಿಂದ ನೋಡಿದರೆ ಒಂದೇ, ಒಳಗೆ ಮಾತ್ರ ಎರಡು ಒಲೆ. ಒಂದರ ಮುಂದೆ ಹಿರಿಯ ಸೊಸೆ ಭರಮಮ್ಮ ರೊಟ್ಟಿ ಬಡಿಯುತ್ತಿದ್ದರೆ, ಇನ್ನೊಂದರ ಮುಂದೆ ಅವಳ ಓರಗಿತ್ತಿ ಕೊಟ್ರಮ್ಮ. ನಡುವೆ ಎದೆಮಟ್ಟದ ಗೋಡೆ. ಆಚೆ ಒಗ್ಗರಣೆ ಹಾಕಿದರೆ ಈಚೆ ಭರಮಮ್ಮನಿಗೆ ಸೀನು ಬರುತ್ತಿತ್ತು. ಆಚೆ ನಕ್ಕರೆ ಈಚೆ ಅವಳ ರೊಟ್ಟಿ ಹರಿಯುತ್ತಿತ್ತು. ಗಂಡಂದಿರಿಬ್ಬರೂ ಕುರಿ ಹೊಡೆದುಕೊಂಡು ಹಡಗಲಿ ಕಡೆಗೆ ಹೋಗಿದ್ದರು.

ಭರಮಮ್ಮನ ಹೊಟ್ಟೆಕಿಚ್ಚು ಹೊಸದಲ್ಲ. ಹಿಂದೆ ಒಂದು ಮಾಗಿಯಲ್ಲಿ ಇಬ್ಬರೂ ಎರಡನೆಯ ಸಲ ಬಸಿರಾಗಿದ್ದರು. ಆ ಮನೆಯಲ್ಲಿ ಹೆರಿಗೆಯೂ ಮೈಲಿಗೆ, ತಿಂಗಳ ಮುಟ್ಟೂ ಮೈಲಿಗೆ. ಎರಡಕ್ಕೂ ಹಿತ್ತಲ ಗುಡಿಸಲೇ ಗತಿ. ಭರಮಮ್ಮ ಅಲ್ಲೇ ಹೆತ್ತಳು. ಸೋಗೆಯ ಸಂದಿಯಲ್ಲಿ ಗಾಳಿ ನುಗ್ಗುತ್ತಿತ್ತು. ವಾರ ತುಂಬುವ ಮೊದಲೇ ಗಂಡು ಕೂಸು ತಣ್ಣಗಾಯಿತು. ಕೊಟ್ರಮ್ಮನಿಗೆ ನೋವು ಬಿಗಿದು ಕೂಡ್ಲಿಗಿ ಆಸ್ಪತ್ರೆಗೆ ಒಯ್ಯಬೇಕಾಯಿತು; ಅವಳ ದುರುಗೇಶ್ ಬದುಕಿದ, ಈಗ ಅಂಗಳದಲ್ಲಿ ಬುಗುರಿ ಆಡುತ್ತಾನೆ. ಭರಮಮ್ಮ ಗುಡಿಸಲನ್ನು ಎಂದೂ ಬಯ್ಯಲಿಲ್ಲ. ಓರಗಿತ್ತಿಯ ಅದೃಷ್ಟವನ್ನು ಬಯ್ದಳು.

ಇದರ ಮೇಲೆ ಪುಸ್ತಕಗಳು ಬಂದವು. ಸಮುದ್ರದಾಚೆಯ ಒಂದು ಸಂಸ್ಥೆ ಹೊಚ್ಚ ಹೊಸ ಓದುವ ಪುಸ್ತಕಗಳನ್ನು ಹಡಗಿನಲ್ಲಿ ಕಳಿಸುತ್ತದಂತೆ. ಕೊಟ್ಟೂರಿನ ಟ್ರಸ್ಟೊಂದು ಅವನ್ನು ಊರೂರಿಗೆ ಮುಟ್ಟಿಸುತ್ತದಂತೆ. ಟ್ರಸ್ಟಿನ ಗುರುಶಾಂತ ಡಬ್ಬಗಳನ್ನು ತಂದಿಳಿಸಿದ. ಶಾಲೆಯಲ್ಲಿ ಇಲಿಗಳ ಕಾಟ. ಅದಕ್ಕೇ ಹತ್ತನೆಯ ತರಗತಿಯ ಒಬ್ಬ ಹುಡುಗಿಯ ಮನೆಯಲ್ಲಿ ಇಡುವುದು, ಅವಳು ಇಂಗ್ಲಿಷಿನಲ್ಲಿ ಓದಿ ಸಣ್ಣವರಿಗೆ ಕನ್ನಡದಲ್ಲಿ ಹೇಳುವುದು ಎಂದಾಯಿತು. ಮೇಷ್ಟ್ರು ಕೊಟ್ರಮ್ಮನ ಮಗಳು ಕೀರ್ತನಾಳನ್ನು ಆರಿಸಿದರು.

"ನಿನಗ ಓದಾಕ ಬರಂಗಿಲ್ಲೇನಲೇ?" ಎಂದು ಭರಮಮ್ಮ ತನ್ನ ಮಗಳು ಭಾಗ್ಯಳನ್ನು ಕೇಳಿದಳು. ಇಬ್ಬರೂ ಒಂದೇ ವಾರಿಗೆಯವರು, ಒಂದೇ ಬೆಂಚು.

"ಆಕಿ ನನಗಿಂತ ಚಲೋ ಓದ್ತಾಳಬೇ. ನಾನ ಮೇಷ್ಟ್ರಿಗೆ ಹೇಳಿದ್ದು."

ಭರಮಮ್ಮನಿಗೆ ಆ ದಿನ ಊಟ ಸೇರಲಿಲ್ಲ.

ಡಬ್ಬ ಒಡೆದಾಗ ಮಾವ ಯರ್ರೆಪ್ಪ ಕೈ ಮುಗಿದ. "ಸಮುದ್ರ ದಾಟಿ ಬಂದ ಸರಸ್ವತಿ. ನೆಲದ ಮ್ಯಾಲ ಇಡಬ್ಯಾಡ್ರಿ" ಎಂದು ತಾನೇ ಎತ್ತಿ ಮನೆದೇವರು ಬೀರಪ್ಪನ ಜಗುಲಿಯ ಮೇಲೆ ಜೋಡಿಸಿ, ಒಂದೊಂದಕ್ಕೂ ಅರಿಶಿನದ ಭಂಡಾರ ಹಚ್ಚಿದ. ಮುದುಕನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ; ಮರ್ಯಾದೆ ಮಾಡಿದ, ಅಷ್ಟೆ. ಆದರೆ ಭಂಡಾರ ಬಿದ್ದ ಮೇಲೆ ಅವು ದೇವರಾದವು. ಮೀಯದೆ ಮುಟ್ಟುವಂತಿಲ್ಲ. ಹೊರಗಾದ ಹುಡುಗಿಯಂತೂ ಅತ್ತ ಕಣ್ಣೆತ್ತಿ ನೋಡುವಂತಿಲ್ಲ. ಓದಬೇಕಾದವರೇ ಹುಡುಗಿಯರು ಎಂಬುದು ಯರ್ರೆಪ್ಪನಿಗೆ ಹೊಳೆಯಲಿಲ್ಲ.

ಪರೀಕ್ಷೆಗೆ ಎರಡು ತಿಂಗಳಿತ್ತು. ಮತ್ತೆ ಮಾಗಿ. ಕೀರ್ತನಾ ಗುಡಿಸಲಿನಲ್ಲಿದ್ದಳು. ಕೊಟ್ರಮ್ಮ ಕೂಲಿಯಿಂದ ಬರುವುದು ತಡವಾಯಿತೆಂದು ಅಂದು ಸಂಜೆ ಭರಮಮ್ಮನೇ ರೊಟ್ಟಿ ಒಯ್ದಳು. ತಟ್ಟೆಯನ್ನು ದೂರದಲ್ಲಿಟ್ಟು ಬಗ್ಗಿದಾಗ ಗೋಣಿಚೀಲದ ಕೆಳಗಿಂದ ಪುಸ್ತಕದ ಮೂಲೆ ಇಣುಕಿತು. ಮೂಲೆಯಲ್ಲಿ ಹಳದಿ ಭಂಡಾರ.

"ಚಳಿ ಆಗಂಗಿಲ್ಲೇನವ್ವ?" ಎಂದಳು ಭರಮಮ್ಮ, ಬಹಳ ಮೆತ್ತಗೆ.

"ರೂಢಿ ಆಗೈತಿ ದೊಡ್ಡವ್ವ."

ಭರಮಮ್ಮ ತಿರುಗಿ ಬರುವಾಗ ಎಷ್ಟೋ ವರ್ಷಗಳಿಂದ ಉರಿಯುತ್ತಿದ್ದ ಎದೆಗೆ ತಣ್ಣೀರು ಹೊಯ್ದಂತಾಗಿತ್ತು. ಬೆಳಗಾಗುತ್ತಲೇ ಮಾವನಿಗೆ ಚಹಾ ಕೊಡುತ್ತ ಹೇಳಿಬಿಟ್ಟಳು.

ಯರ್ರೆಪ್ಪ ಲೋಟ ಕೆಳಗಿಟ್ಟ. "ಅದಕ್ಕ ಕುರಿ ದಿನ ತುಂಬೋಕ ಮೊದಲ ಕಂದು ಹಾಕ್ಯಾವ. ನಾನು ಮೇವಿನ ಮ್ಯಾಲ ಸಂಶಯ ಪಟ್ಟಿದ್ದೆ." ಗೋಡೆಯಾಚೆಗೂ ಕೇಳುವಂತೆ ಹೇಳಿದ: "ಕೀರ್ತನಾ ಓದಿದ್ದು ಸಾಕು. ಪರೀಕ್ಷೆ ಬ್ಯಾಡ, ಏನೂ ಬ್ಯಾಡ. ಪುಸ್ತಕದವನಿಗೆ ಬರಾಕ ಹೇಳ್ರಿ."

ಗೋಡೆಯಾಚೆ ಕೊಟ್ರಮ್ಮ ಅಳುವುದು ಕೇಳಿಸಿತು. ಭರಮಮ್ಮ ರೊಟ್ಟಿ ಬಡಿದಳು. ಅಂದು ಒಂದೂ ಹರಿಯಲಿಲ್ಲ.

ಮಧ್ಯಾಹ್ನ ಗುರುಶಾಂತ ಬಂದು ಕಟ್ಟೆಯ ಮೇಲೆ ಕುಳಿತು, ಎಲ್ಲ ಕೇಳಿ, ನಿಧಾನವಾಗಿ ಹೇಳಿದ. "ಯಜಮಾನ್ರೇ, ಈ ಪುಸ್ತಕ ಅಚ್ಚು ಮಾಡಿದಲ್ಲಿ ಹೆಣ್ಮಕ್ಕಳು ಅದಾರ. ಡಬ್ಬಕ್ಕ ತುಂಬಿದವರು, ನಮ್ಮ ಕೊಟ್ಟೂರಾಗ ಬಿಚ್ಚಿ ವಿಂಗಡ ಮಾಡಿದವರು ಎಲ್ಲಾ ಹೆಣ್ಮಕ್ಕಳ. ಅವರು ಯಾರು ಯಾವತ್ತು ಹೊರಗಿದ್ರೋ ನೀವು ಕೇಳಿದ್ರೇನು?"

ಯರ್ರೆಪ್ಪ ಗಾಬರಿಯಿಂದ ಜಗುಲಿಯತ್ತ ನೋಡಿದ. "ಹಂಗಾರ ಬರೋದಕ್ಕ ಮೊದಲ ಕೆಟ್ಟಿದ್ವಲ್ಲೋ. ನೀನು ಮೊದಲ ಯಾಕ ಹೇಳಲಿಲ್ಲ?"

"ಕೆಟ್ಟಿದ್ರ ನೀವು ಭಂಡಾರ ಹಚ್ಚಿದ ದಿನ ಬೀರಪ್ಪಗ ಗೊತ್ತಾಗಬೇಕಿತ್ತಲ್ರಿ."

"ದೇವರ ಮಾತು ನಿನಗ್ಯಾಕ? ನೀನು ಪುಸ್ತಕದವನು, ಪುಸ್ತಕದ್ದು ಮಾತಾಡು."

"ಸರಿ. ಓದದ ಪುಸ್ತಕ ಇಲ್ಲಿ ಇಡಂಗಿಲ್ಲ, ಓದೋ ಊರಿಗೆ ಒಯ್ತೀನಿ. ಇಲ್ಲಾ ಒಬ್ಬ ಹುಡುಗಿ ಜವಾಬ್ದಾರಿ ತಗೊಳ್ಳಬೇಕು."

ಊರ ಮರ್ಯಾದೆಯ ಪ್ರಶ್ನೆ ಬಂದಾಗ ಮುದುಕ ಸ್ವಲ್ಪ ತಗ್ಗಿದ. "ನಮ್ಮ ಭಾಗ್ಯ ಅದಾಳಲ್ಲ. ಮಡಿ ತಿಳಿದ ಹುಡುಗಿ."

ಬಾಗಿಲ ಸಂದಿಯಲ್ಲಿದ್ದ ಭರಮಮ್ಮನ ಮುಖ ಅರಳಿತು. ಗೋಡೆಯಾಚೆಯವಳು ಇದನ್ನೂ ಕೇಳಿರಲಿ ಎಂದುಕೊಂಡಳು.

ಭಾಗ್ಯ ಅಂಗಳಕ್ಕೆ ಬಂದು ನಿಂತಳು. "ತಾತ, ಆ ಪುಸ್ತಕ ಗುಡ್ಲಿಗೆ ಒಯ್ದು ಕೊಟ್ಟಾಕಿ ನಾನ. ಹೋದ ತಿಂಗಳು ನಾನು ಅಲ್ಲಿ ಕುಂತಾಗ ಆಕಿ ನನಗ ತಂದುಕೊಟ್ಟಿದ್ಲು."

"ಸುಮ್ನಿರಲೇ" ಎಂದಳು ಭರಮಮ್ಮ.

"ಇವತ್ತೂ ನಾನು ಹೊರಗಾಗೇನಿ ತಾತ. ಹೇಳಿಲ್ಲ, ಅಷ್ಟ. ಮುಂಜಾನಿ ಜಗುಲಿ ಕಸ ಹೊಡದಾಕಿ ನಾನು, ನಿನ್ನ ಚಹಾಕ್ಕ ಹಾಲು ಕಾಸಿದಾಕಿ ನಾನು. ಬೀರಪ್ಪನೂ ಏನೂ ಅನ್ನಲಿಲ್ಲ, ನೀನೂ ಚಹಾ ಚಲೋ ಆಗೈತಿ ಅಂದಿ." ಅವಳು ಗುರುಶಾಂತನ ಕಡೆ ತಿರುಗಿದಳು. "ಆಕಿ ಕೈಯಾಗಿಂದ ಕಿತ್ತು ಕೊಟ್ರ ನನಗ ಬ್ಯಾಡ. ಆಕಿ ಪರೀಕ್ಷೆ ಬರೀದಿದ್ರ ನಾನೂ ಬರೆಯಂಗಿಲ್ಲ."

ಹೇಳಿದವಳೇ ಜಗುಲಿಯಿಂದ ಒಂದಷ್ಟು ಪುಸ್ತಕ ಎದೆಗವಚಿಕೊಂಡು ಗುಡಿಸಲಿಗೆ ನಡೆದಳು. ಯರ್ರೆಪ್ಪ ಬಾಯಿ ತೆರೆದು ಮುಂಜಾನೆಯ ಚಹಾ ಲೋಟವನ್ನೇ ನೋಡುತ್ತ ಕುಳಿತ.

ಭರಮಮ್ಮ ಬುಸುಗುಡುತ್ತ ಹಿಂದೆ ಓಡಿದಳು. ಮಗಳ ಜಡೆ ಹಿಡಿದು ಎಳೆತರಬೇಕು. ಗುಡಿಸಲ ಬಾಗಿಲಲ್ಲಿ ಕಾಲು ನಿಂತಿತು. ಆ ಕೂಸು ಹೋದ ಮೇಲೆ ಮುಟ್ಟಿನ ದಿನಗಳಲ್ಲಿ ಅವಳು ಇಲ್ಲಿ ಗೋಡೆಗೆ ಮುಖ ಮಾಡಿಯೇ ಮಲಗುತ್ತಿದ್ದಳು. ಸೋಗೆಯ ಅದೇ ಸಂದಿ, ಅದೇ ಗಾಳಿ. ಹುಡುಗಿಯರು ಒಂದೇ ಚಾದರ ಹೊದ್ದು ಒಂದೇ ಪುಟದ ಮೇಲೆ ಬಗ್ಗಿದ್ದರು. ಪುಟದ ತುಂಬ ಬಣ್ಣದ ಚಿತ್ರ: ತಾಯಿಯ ಹೊಟ್ಟೆಯಲ್ಲಿ ಮುದುಡಿ ಮಲಗಿದ ಕೂಸು.

ಬಯ್ಯಲು ಬಂದವಳು ಅಲ್ಲೇ ಕುಕ್ಕರಿಸಿದಳು. "ಇದೇನು?"

ಕೀರ್ತನಾ ಹೆದರಿ ದೊಡ್ಡವ್ವನ ಮುಖ ನೋಡಿದಳು. ಆಮೇಲೆ ಬೆರಳಿಟ್ಟು ತೋರಿಸಿದಳು. "ಇದು ಕೂಸಿನ ಚೀಲ, ದೊಡ್ಡವ್ವ. ತಿಂಗಳಾ ತಿಂಗಳಾ ಕೂಸಿಗಂತ ಒಳಗ ರಕ್ತದ ಮೆತ್ತನ ಹಾಸಿಗಿ ತಯಾರಾಗ್ತೈತಿ. ಕೂಸು ನಿಲ್ಲದಿದ್ರ ಅದ ಹೊರಗ ಬರೋದು. ಇದಕ್ಕ ನಮ್ಮನ್ನ ಇಲ್ಲಿ ಕುಂದ್ರಸ್ತಾರ."

ಭರಮಮ್ಮ ಚಿತ್ರದ ಮೇಲೆ ಉದುರಿದ್ದ ಭಂಡಾರವನ್ನು ಸೆರಗಿನಿಂದ ಮೆಲ್ಲಗೆ ಒರೆಸಿದಳು.

"ಒಳಗ ಇದಕ್ಕ ಚಳಿ ಆಗಂಗಿಲ್ಲೇನು?"

"ಇಲ್ಲ ದೊಡ್ಡವ್ವ. ಒಳಗ ಬೆಚ್ಚಗ ಇರ್ತೈತಿ."

ಓರಗಿತ್ತಿಯ ಮನೆಯ ಕಡೆಗೆ ಇಷ್ಟು ವರ್ಷ ಹರಿದ ಸಿಟ್ಟೆಲ್ಲ ಈಗ ಈ ಸೋಗೆಯ ಕಡೆಗೆ ತಿರುಗಿತು. ಅವಳು ಎದ್ದು, ಚಾದರ ಮಡಚಿ ಕಂಕುಳಲ್ಲಿಟ್ಟುಕೊಂಡು, ಪುಸ್ತಕಗಳನ್ನು ತಾನೇ ಎತ್ತಿಕೊಂಡಳು.

"ಏಳ್ರಿ."

ಹಿತ್ತಲ ಸಂದಿಯಿಂದಲ್ಲ, ಮುಂಬಾಗಿಲಿನಿಂದಲೇ ಇಬ್ಬರನ್ನೂ ಕರೆತಂದಳು. ಗೋಡೆಯಾಚೆ ಕೊಟ್ರಮ್ಮ ಒಲೆ ಬಿಟ್ಟು ಎದ್ದು ನಿಂತಿದ್ದಳು. ಯರ್ರೆಪ್ಪ ಹೊಸ್ತಿಲಿಗೆ ಕೋಲು ಅಡ್ಡ ಹಿಡಿದ.

"ಭರಮವ್ವ, ತಿಳೀತೈತೇನು ನೀ ಮಾಡೋದು?"

"ಈಗ ತಿಳದೈತ್ರಿ ಮಾವ." ಅವಳು ಕೋಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. "ಹುಡುಗೇರು ಒಳಗ ಬರ್ಲಿ. ಹೊರಗ ಚಳಿ ಐತಿ."