ಮೌನೇಶ್ವರಿಯ ದನಿ

ಸೂಗಪ್ಪ ಮಾಸ್ತರರು ಮಾನ್ವಿಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅವರ ಮಗಳು ಮೌನೇಶ್ವರಿ ರಾಯಚೂರಿನ ಕಾಲೇಜೊಂದರಲ್ಲಿ ಎಂ.ಬಿ.ಎ. ವಿದ್ಯಾರ್ಥಿಗಳಿಗೆ ವ್ಯಾಪಾರ ಕಲಿಸುತ್ತಿದ್ದಳು. ಆಷಾಢದಲ್ಲಿ ಕಾಮಾಲೆಯಾಗಿ ತೀರಿಕೊಂಡಳು. ಬಿಟ್ಟುಹೋದದ್ದು ಒಂದು ಪಾಠ. ಕಣ್ಣಿಗೆ ವಿ.ಆರ್. ಪೆಟ್ಟಿಗೆ ಕಟ್ಟಿಕೊಂಡರೆ ಸಾಕು, ಓದುವವರು ದೇವದುರ್ಗದ ಸಂತೆಯಲ್ಲಿ ನಿಂತಿರುತ್ತಿದ್ದರು. ಎದುರಿಗೆ ಮೆಣಸಿನಕಾಯಿ ರಾಶಿ, ಅದರ ಹಿಂದೆ ಮಾರುವ ಹೆಂಗಸು. ಅವಳೊಡನೆ ಚೌಕಾಸಿ ಮಾಡುವುದೇ ಪಾಠ. ಆ ಹೆಂಗಸಿಗೆ ಮೌನೇಶ್ವರಿ ತನ್ನದೇ ದನಿ ಕೊಟ್ಟಿದ್ದಳು.

ಈಗ ಒಂದು ಕಂಪನಿ ಆ ಪಾಠವನ್ನು ರಾಜ್ಯದ ಕಾಲೇಜುಗಳಿಗೆಲ್ಲ ಒಯ್ಯಲು ಮುಂದೆ ಬಂದಿತ್ತು. ಆದರೆ ಮಾತು ಒರಟು, ಬೇರೆ ದನಿ ಹಾಕಬೇಕು ಎಂದಿತ್ತು. ಅದಕ್ಕೆ ಮನೆಯವರ ಒಪ್ಪಿಗೆ ಬೇಕು. ವಿಭಾಗದ ಮುಖ್ಯಸ್ಥ ಹನುಮಂತ್ರಾಯರು ಮಾಸ್ತರರನ್ನು ಕಾಲೇಜಿನ ಪಾಠದ ಕೋಣೆಗೆ ಕರೆಸಿದರು. ಕನ್ನಡ ಕಲಿಸಿದವರು ಶುದ್ಧ ಭಾಷೆಗೆ ಬೇಡವೆನ್ನಲಾರರು ಎಂಬುದು ಅವರ ಲೆಕ್ಕ. ಪಾಠದ ಮೊದಲಿಗೆ ಮೌನೇಶ್ವರಿಯ ಹೆಸರು ಬರುತ್ತದೆ ಎಂದೂ ಹೇಳಿದರು.

ಕಂಪನಿಯವನು ಕೋಣೆಯ ಸ್ಪೀಕರಿನಲ್ಲಿ ಹೊಸ ದನಿ ಕೇಳಿಸಿದ.

"ನಮಸ್ಕಾರ ಗ್ರಾಹಕರೇ, ತಮಗೆ ಯಾವ ಬಗೆಯ ಮೆಣಸಿನಕಾಯಿ ಬೇಕು?"

ಪಾಠಕ್ಕೆಂದು ಬಂದಿದ್ದ ವಿದ್ಯಾರ್ಥಿನಿ ಹುಲಗೆಮ್ಮ ದೇವದುರ್ಗದವಳು. ಅವಳಿಗೆ ತಡೆಯಲಾಗಲಿಲ್ಲ. "ಈಕಿ ಮೆಣಸಿನಕಾಯಿ ಮಾರಾಕತ್ತಾಳೋ, ವಾರ್ತಿ ಓದಾಕತ್ತಾಳೋ?"

ಮಾಸ್ತರರು ನಗಲಿಲ್ಲ. ಹಳೆಯ ದನಿ ಕೇಳಬೇಕು ಎಂದರು. ಹುಲಗೆಮ್ಮ ಅವರ ಹಣೆಯ ವಿಭೂತಿ ಅಳಿಸದಂತೆ ಮೆಲ್ಲಗೆ ಅವರ ಕಣ್ಣಿಗೆ ಪೆಟ್ಟಿಗೆ ಕಟ್ಟಿದಳು.

"ಬರ್ರಿ ಯಪ್ಪಾ. ನೋಡಾಕ ರೊಕ್ಕ ಕೇಳಂಗಿಲ್ಲ. ಒಂದು ಮುರುದು ನೋಡ್ರಿ."

ಸಂತೆಯವರು ಬಂದ ಗಿರಾಕಿಯನ್ನೆಲ್ಲ ಯಪ್ಪಾ ಎಂದೇ ಕರೆಯುತ್ತಾರೆ. ಮಾಸ್ತರರಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಕೈ ಚಾಚಿದರು. ಬೆರಳಿಗೆ ಮೇಜಿನ ಅಂಚು ತಗುಲಿತು. ಅವರು ಸುಮ್ಮನೆ ನಿಂತದ್ದಕ್ಕೆ ದನಿ ಚುಡಾಯಿಸಿತು.

"ಯಾಕ ಯಪ್ಪಾ, ಬಾಯಾಗ ಮೆಣಸಿನಕಾಯಿ ಇಟ್ಕೊಂಡೀರೇನು?"

ಪೆಟ್ಟಿಗೆ ತೆಗೆದಾಗ ಕೆನ್ನೆ ತೊಯ್ದಿತ್ತು. ಒರೆಸಿಕೊಳ್ಳದೆ, ದನಿ ಬದಲಿಸಲು ಒಪ್ಪುವುದಿಲ್ಲ ಎಂದರು. ಹಾಗಾದರೆ ಪಾಠ ಈ ಕೋಣೆ ದಾಟದು, ಮಗಳ ಹೆಸರೂ ದಾಟದು ಎಂದು ಹನುಮಂತ್ರಾಯರು ಎಚ್ಚರಿಸಿದರು. ಎಲ್ಲಾ ದೇವರ ಇಚ್ಛೆ ಎಂದುಕೊಂಡು ಒಪ್ಪಿಬಿಡಿ ಎಂದು ಕೈ ಹಿಡಿದರು.

ಮಾಸ್ತರರು ಕೈ ಬಿಡಿಸಿಕೊಂಡರು. "ನಮ್ಮ ಮನಿದೇವ್ರು ಸೂಗೂರೇಶ ಮಗಳನ್ನ ಕರ್ಕೊಂಡ. ತಲಿ ಬಾಗಿಸಿದೆ. ಒಂದು ಮುಂಜಾನಿ ಪೂಜಿ ಬಿಟ್ಟಿಲ್ಲ. ಆಕಿ ಮಾತು ನೀವು ಕಸಗೊಂಡ್ರ ಮಾತ್ರ ಬಾಗಂಗಿಲ್ಲ. ನೀವೇನು ದೇವ್ರಲ್ರಿ."

"ಹೊರಗ ಯಾರೂ ಕೇಳಂಗಿಲ್ಲಲ್ರಿ, ಮಾಸ್ತರ," ಎಂದರು ಹನುಮಂತ್ರಾಯರು.

"ಬೇಕಾದವ್ರು ರಾಯಚೂರಿಗೆ ಬರ್ಲಿ."

ಕಂಪನಿಯವನು ತನ್ನ ಸಾಮಾನು ಕಟ್ಟಿಕೊಂಡು ಹೋದ. ಮಾಸ್ತರರು ಹೋಗಲಿಲ್ಲ. ಕುರ್ಚಿಯನ್ನು ಗೋಡೆಗೆ ಎಳೆದು ಕೂತು, ಪಾಠ ಶುರು ಮಾಡವ್ವ ಎಂದು ಹುಲಗೆಮ್ಮಳಿಗೆ ಹೇಳಿದರು. ಅವಳು ಪೆಟ್ಟಿಗೆ ಕಟ್ಟಿಕೊಂಡು ದರ ಕೇಳಿದಳು, ಇಳಿಸಲು ಜಗ್ಗಿದಳು, ಕಡೆಗೆ ನಿಮ್ಮ ಮಾಲೇ ಬೇಡ ಎಂದು ಸಿಟ್ಟು ಮಾಡಿ ಬೆನ್ನು ತಿರುಗಿಸಿದಳು. ಎರಡು ಹೆಜ್ಜೆ ಇಟ್ಟಿರಬೇಕು, ಸ್ಪೀಕರಿನೊಳಗಿನ ಮೌನೇಶ್ವರಿಯ ದನಿ ಅವಳನ್ನು ಹಿಂದಕ್ಕೆ ಕರೆಯಿತು.