ಅತ್ತೆ ಏಳ್ತಿಲ್ಲ

ಆಫೀಸಿನ ಹಳೆಯ ಯಂತ್ರಕ್ಕೆ ‘ಅತ್ತೆ’ ಎಂದು ಹೆಸರಿಟ್ಟವಳು ನಿಜವಾದ ಅತ್ತೆಯಿದ್ದ ಮನೆಯ ಕಿರಿಸೊಸೆಯೇ. ಬೇರೆ ಯಾರ ಮೇಲೂ ತಪ್ಪು ಹೊರಿಸುವ ಹಾಗಿಲ್ಲ. ಔಷಧಿ ಅಂಗಡಿಗಳ ದೊಡ್ಡ ಕಂಪನಿಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಅವಳದು. ಬಿಲ್ಲು, ದಾಸ್ತಾನು, ಮನೆಮನೆಗೆ ಮಾತ್ರೆ ಕಳಿಸುವ ಆರ್ಡರು, ಹೀಗೆ ಒಂದೊಂದು ಕೆಲಸವನ್ನೂ ಕಂಟೇನರ್ ಎಂಬ ಕಣ್ಣಿಗೆ ಕಾಣದ ಒಂದೊಂದು ಡಬ್ಬಿಯಲ್ಲಿ ತುಂಬಿ ಹಲವು ಯಂತ್ರಗಳ ಮೇಲೆ ಹಂಚಿಡುತ್ತಿದ್ದರು. ಒಂದೊಂದು ಯಂತ್ರವೂ ಒಂದು ನೋಡ್, ಎಲ್ಲ ಸೇರಿದರೆ ಕ್ಲಸ್ಟರ್. ಯಾವ ಕೆಲಸ ಯಾವ ನೋಡ್ ಮೇಲೆ ಕೂರಬೇಕೆಂದು ತೀರ್ಮಾನಿಸುವ ಪ್ರೋಗ್ರಾಮನ್ನು ‘ಯಜಮಾನ’ ಎಂದು ಕರೆಯುತ್ತಿದ್ದರು. ಯಜಮಾನ ಬಂದ ಮೇಲೆ ಸಂಸಾರ ಬೇಡವೇ? ಚುರುಕಾದ ಹೊಸ ನೋಡ್‌ಗಳು ನಾದಿನಿಯರಾದವು. ಎಲ್ಲರಿಗಿಂತ ಹೆಚ್ಚು ಕೆಲಸ ಹೊತ್ತು, ಹಗಲೆಲ್ಲ ಗೊರಗೊರ ಎನ್ನುತ್ತಿದ್ದ ಹಳೆಯ ನೋಡ್ ಅತ್ತೆಯಾಯಿತು. ಆಫೀಸಿಗೆ ಆಫೀಸೇ ಬಿದ್ದು ಬಿದ್ದು ನಕ್ಕಿತ್ತು. ಮನೆಯಲ್ಲಿ ಮಾತ್ರ ಇದು ಯಾರಿಗೂ ಗೊತ್ತಿರಲಿಲ್ಲ. ಹೇಳುವಷ್ಟು ಎದೆಗಾರಿಕೆ ಅವಳಿಗೂ ಇರಲಿಲ್ಲ ಬಿಡಿ.

ಮನೆಯ ಅತ್ತೆಗೆ ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಬೇಕು. ಬೆಳಿಗ್ಗೆ ಹಿರಿಸೊಸೆಯ ಪಾಳಿ, ರಾತ್ರಿ ಕಿರಿಸೊಸೆಯದು. ಒಮ್ಮೆ ಹಿರಿಸೊಸೆ ಬರುವುದು ತಡವಾಗಿ, ಅತ್ತೆ “ಆಯ್ತಮ್ಮ, ಚುಚ್ಚಿಸ್ಕೊಂಡೆ” ಎಂದು ಹೇಳಿ, ಆಮೇಲೆ ನೋಡಿದರೆ ಚುಚ್ಚಿಯೇ ಇರಲಿಲ್ಲ. ಅಂದಿನಿಂದ ಕಿರಿಸೊಸೆ ಮನೆಗೂ ಒಂದು ಸೆಟ್ಟಿಂಗ್ ಮಾಡಿದಳು. ಒಬ್ಬರು ತಡವಾದರೆ ಇನ್ನೊಬ್ಬರು ಕಾಯದೆ ಚುಚ್ಚಿಬಿಡುವುದು, ಹಾಗೆ ಚುಚ್ಚಿದವರು ಇನ್ನೊಬ್ಬರಿಗೆ ಮೆಸೇಜ್ ಹಾಕುವುದು, ಅತ್ತೆಯನ್ನು ಮಾತ್ರ ಕೇಳಲೇಬಾರದು. “ಅವರಿಗೆ ಮರೆವು ಅಕ್ಕ. ಅವರ ಮಾತು ನಂಬಿ ಕೂತ್ರೆ ಕೆಟ್ವಿ” ಎಂದು ಓರಗಿತ್ತಿಗೆ ಅತ್ತೆಯ ಎದುರಿಗೇ ಹೇಳಿದ್ದಳು. ಅತ್ತೆ ಟೀ ಲೋಟ ಕೆಳಗಿಟ್ಟು ಕಿಟಕಿಯ ಕಡೆ ನೋಡುತ್ತ ಕೂತಿದ್ದರು.

ಆ ದಿನ ಬೆಳಿಗ್ಗೆ ಹಿರಿಸೊಸೆ ಮಗಳನ್ನು ಶಾಲೆಗೆ ಬಿಡಲು ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಕಿರಿಸೊಸೆ ಬಾಗಿಲ ಕಡೆ ನೋಡಿದಳು, ಗಡಿಯಾರ ನೋಡಿದಳು, ಮತ್ತೆ ಬಾಗಿಲ ಕಡೆ ನೋಡಿದಳು. ಆಮೇಲೆ ತಾನೇ ಚುಚ್ಚಿ, ತಿಂಡಿಯ ತಟ್ಟೆ ಅತ್ತೆಯ ಮುಂದಿಟ್ಟು, ಚಪ್ಪಲಿ ಮೆಟ್ಟಿ ಓಡಿದಳು. ಲಿಫ್ಟಿನಲ್ಲಿ ಇಳಿಯುತ್ತಲೇ ‘ಚುಚ್ಚಿದೀನಿ ಅಕ್ಕ’ ಎಂದು ಒತ್ತಿ ಫೋನನ್ನು ಚೀಲಕ್ಕೆ ಹಾಕಿದಳು.

ಆಫೀಸಿಗೆ ಕಾಲಿಟ್ಟರೆ ಅಲ್ಲಿ ಬೇರೆಯೇ ರಾಮಾಯಣ. ಗೋಡೆಯ ದೊಡ್ಡ ಪರದೆಯ ಮೇಲೆ ಅತ್ತೆಯ ಹೆಸರು ಕೆಂಪಗಾಗಿತ್ತು. ಪ್ರತಿ ನೋಡೂ ಆಗಾಗ ‘ನಾನಿದ್ದೀನಿ’ ಎಂದು ಯಜಮಾನನಿಗೆ ಸುದ್ದಿ ಮುಟ್ಟಿಸುತ್ತಿರಬೇಕು. ಮುಟ್ಟಿಸದಿದ್ದರೆ ಯಜಮಾನ ಸ್ವಲ್ಪ ಹೊತ್ತು ಕಾದು, ಅದು ಸತ್ತಿತೆಂದು ತಿಳಿದು, ಅದರ ಕೆಲಸವನ್ನು ಬೇರೆ ನೋಡ್ ಮೇಲೆ ಶುರು ಮಾಡುತ್ತಾನೆ. ಎಷ್ಟು ಹೊತ್ತು ಕಾಯಬೇಕೆಂಬುದು ಒಂದು ಸೆಟ್ಟಿಂಗು. ಹೋದ ಸಲ ಯಜಮಾನ ಕಾಯುತ್ತ ಕೂತು, ಅಂಗಡಿಗಳಲ್ಲಿ ಆರ್ಡರು ನಿಂತು, ಬೈಗುಳವೆಲ್ಲ ಕಿರಿಸೊಸೆಯ ತಲೆಗೇ ಬಿದ್ದಿತ್ತು. ಆ ಹೆದರಿಕೆಗೆ ಅವಳು ಕಾಯುವ ಹೊತ್ತನ್ನು ಚೂರೇ ಚೂರು ಮಾಡಿಟ್ಟಿದ್ದಳು. ಹಾಗಾಗಿ ಅತ್ತೆ ಸುಮ್ಮನಾದ ಕೂಡಲೇ ಆರ್ಡರಿನ ಕೆಲಸ ನಾದಿನಿಯ ಮೇಲೆ ಹೋಗಿ ಕೂತಿತ್ತು.

“ಎಷ್ಟೊತ್ತಾಗುತ್ತೆ?” ಬೆನ್ನ ಹಿಂದೆ ದನಿ ಕೇಳಿಸಿತು. ಮ್ಯಾನೇಜರು. ಏನೇ ಆಗಲಿ ಬಾಯಿ ಬಿಟ್ಟರೆ ಇದೊಂದೇ ಪ್ರಶ್ನೆ, ಅದಕ್ಕೇ ಅವರಿಗೆ ‘ಎಷ್ಟೊತ್ತಪ್ಪ’ ಎಂದೇ ಹೆಸರು.

“ಆರ್ಡರ್ ನಿಂತಿಲ್ಲ ಸರ್. ಅಕ್ಕ ಕೆಳಗೆ ಹೋಗಿದಾರೆ, ಅತ್ತೆ ಏಳುತ್ತಾ ನೋಡಿ ಹೇಳ್ತಾರೆ.”

ಈ ಅಕ್ಕ ಆಫೀಸಿನ ಅಕ್ಕ. ಯಂತ್ರಗಳಿರುವ ನೆಲಮಾಳಿಗೆಯ ಕೋಣೆ ಅವಳ ಸಾಮ್ರಾಜ್ಯ. ಕಿರಿಸೊಸೆ ಫೋನಿನ ಸದ್ದಡಗಿಸಿ ಪಕ್ಕಕ್ಕಿಟ್ಟು, ಕೀಲಿಮಣೆಯ ಮೇಲೆ ಬೆರಳಿಟ್ಟು, ಕಾಯುತ್ತ ಕೂತಳು. ಕಂಪ್ಯೂಟರಿನ ಮೂಲೆಯಲ್ಲಿ ಫೋನಿನ ಮೆಸೇಜೊಂದು ಇಣುಕಿತು.

‘ಅಕ್ಕ: ಅತ್ತೆ ಏಳ್ತಿಲ್ಲ ಕಣೆ. ಏನ್ ಮಾಡ್ಲಿ?’

ಕೆಟ್ಟೆ ಅಂದುಕೊಂಡಳು. ಒಂದು ಕಣ್ಣು ಗೋಡೆಯ ಪರದೆಯ ಮೇಲಿಟ್ಟೇ ಆ ಮೂಲೆಯಲ್ಲೇ ಉತ್ತರ ಕುಟ್ಟಿದಳು: ‘ಇನ್ನೊಂದ್ಸಲ ಎಬ್ಬಿಸಿ ನೋಡಿ ಅಕ್ಕ. ಏಳದಿದ್ರೆ ತಲೆ ಕೆಡಿಸ್ಕೋಬೇಡಿ, ಖಾಲಿ ಮಾಡಿ ಹೊರಗೆ ಹಾಕೋಣ. ಹೇಗೂ ಹಳೇದಾಯ್ತು.’

ಮೆಸೇಜು ಹೋಯಿತು. ಇದೊಂದು ಹಾಳಾದ್ದು ಮಾತ್ರ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಹೋಯಿತು.

ಅವಳು ಅತ್ತೆಯ ಮೇಲಿನ ಕೆಲಸವನ್ನೆಲ್ಲ ಇಳಿಸಿ ಅದನ್ನು ಖಾಲಿ ಮಾಡುವ ಕಮಾಂಡ್ ಬರೆಯುತ್ತಿರುವಾಗಲೇ ಎಷ್ಟೊತ್ತಪ್ಪ ಮತ್ತೆ ಬಂದರು. ಈ ಸಲ ಮುಖ ಸೊಟ್ಟಗಾಗಿತ್ತು. “ಏನಮ್ಮ ಇದು? ಒಂದೇ ಗಿರಾಕಿಗೆ ಎರಡೆರಡು ಸಲ ಮಾತ್ರೆ ಹೋಗ್ತಿದೆಯಂತೆ! ಅಂಗಡಿಯೋರು ಬಾಯಿಗೆ ಬಂದ ಹಾಗೆ ಬೈತಿದಾರೆ. ಒಬ್ಬ ಅಜ್ಜ ಎರಡು ಪೊಟ್ಟಣಾನೂ ನುಂಗಿದ್ರೆ ಯಾರಮ್ಮ ಹೊಣೆ?”

“ಎರಡು ಸಲನಾ? ಆಗೋಕೇ ಸಾಧ್ಯ ಇಲ್ಲ ಸರ್. ಅತ್ತೆ ಬಿದ್ದಿದಾಳಲ್ಲ...”

ಮೇಜಿನ ಫೋನು ಬಡಿದುಕೊಂಡಿತು. ನೆಲಮಾಳಿಗೆಯಿಂದ ಆಫೀಸಿನ ಅಕ್ಕ. ದನಿಯಲ್ಲಿ ಗೆದ್ದ ಸಂಭ್ರಮ.

“ಲೇ, ನಿಮ್ಮತ್ತೆ ಬಿದ್ದೇ ಇಲ್ಲ ಕಣೆ! ಗುಂಡುಕಲ್ಲಿನ ಹಾಗಿದಾಳೆ. ಯಜಮಾನನಿಗೆ ಸುದ್ದಿ ಹೋಗೋ ವೈರ್ ಒಂದು ಸಡಿಲ ಆಗಿತ್ತು, ಅಷ್ಟೇ. ಇವಳು ಇದ್ದೀನಿ ಇದ್ದೀನಿ ಅಂತ ಬಡ್ಕೊಳ್ತಾನೇ ಇದ್ಳು, ಅವನಿಗೆ ಕೇಳಿಲ್ಲ. ಸತ್ಳು ಅಂದ್ಕೊಂಡು ಇನ್ನೊಬ್ಬಳ ಕೈಲೂ ಅದೇ ಕೆಲಸ ಮಾಡ್ಸಿದಾನೆ. ಇಬ್ಬರೂ ಮಾಡಿದಾರೆ, ಎರಡೆರಡಾಗಿದೆ.”

“ಮತ್ತೆ ಏಳ್ತಿಲ್ಲ ಅಂತ ಮೆಸೇಜ್ ಹಾಕಿದ್ರಲ್ಲಕ್ಕ?”

“ನಾನೆಲ್ಲಿ ಹಾಕ್ದೆ? ನನ್ನ ಫೋನ್ ಮೇಲೇ ಇದೆಯಲ್ಲೇ, ನನ್ನ ಮೇಜಿನ ಮೇಲೆ.”

ಕಿರಿಸೊಸೆ ಮೇಜಿನ ಫೋನು ಕೆಳಗಿಟ್ಟಳು. ತನ್ನ ಫೋನು ಎತ್ತಿಕೊಂಡಳು. ಮನೆಯಿಂದ ಸಾಲುಸಾಲು ಕರೆ ಬಂದು ಹೋಗಿದ್ದವು. ಮೆಸೇಜು ಬಂದದ್ದು ಮನೆಯ ಅಕ್ಕನಿಂದ, ಫೋನಿನಲ್ಲಿ ಇಬ್ಬರ ಹೆಸರೂ ‘ಅಕ್ಕ’ ಎಂದೇ ಇತ್ತು. ಅದರ ಕೆಳಗೆ ತಾನು ಬರೆದ ಉತ್ತರ, ಖಾಲಿ ಮಾಡಿ ಹೊರಗೆ ಹಾಕೋಣ, ಹೇಗೂ ಹಳೇದಾಯ್ತು. ಅದಕ್ಕೂ ಮೇಲೆ, ಬೆಳಿಗ್ಗೆ ಲಿಫ್ಟಿನಲ್ಲಿ ಒತ್ತಿದ ‘ಚುಚ್ಚಿದೀನಿ ಅಕ್ಕ’. ಅದರ ಪಕ್ಕದಲ್ಲಿ ಕೆಂಪು ಗುರುತು. ಸಿಗ್ನಲ್ ಸಿಗದೆ ಹೋಗಿಯೇ ಇರಲಿಲ್ಲ.

ಇಬ್ಬರೂ ಮಾಡಿದಾರೆ, ಎರಡೆರಡಾಗಿದೆ.

ಮನೆಗೆ ಕರೆ ಮಾಡಿದಳು. ಅತ್ತ ಕಡೆ ಹಿರಿಸೊಸೆ ಎತ್ತಿದವಳೇ ಅಳುತ್ತ ಕೂಗಿದಳು: “ಏನೇ ಬಂದಿದೆ ನಿನಗೆ? ಹೊರಗೆ ಹಾಕೋಣ ಅಂತೀಯಾ? ಮನುಷ್ಯಳೇನೇ ನೀನು?”

“ಅಕ್ಕ, ಬೈಯೋದು ಆಮೇಲೆ ಬೈರಿ. ಬೆಳಿಗ್ಗೆ ಬಂದು ಇನ್ಸುಲಿನ್ ಚುಚ್ಚಿದ್ರಾ?”

“ಚುಚ್ಚದೆ ಬಿಡ್ತೀನಾ?”

“ನಾನೂ ಚುಚ್ಚಿದ್ದೆ.”

ಅತ್ತ ಕಡೆಯಿಂದ ಸಣ್ಣಗೆ “ಅಯ್ಯೋ, ಮೈಯೆಲ್ಲ ಬೆವರಿ ತಣ್ಣಗಿದೆ ಕಣೆ” ಎಂಬ ಮಾತು ಬಂತು.

“ಮಗ್ಗುಲಾಗಿ ಮಲಗಿಸಿ. ಬಾಯಿಗೆ ನೀರು ಗೀರು ಹೊಯ್ಯಬೇಡಿ. ಸಕ್ಕರೆ ಒದ್ದೆ ಮಾಡಿ ಒಸಡಿಗೆ ಸವರಿ, ಚೂರು ಚೂರೇ. ನಾನು ಆಂಬುಲೆನ್ಸ್ ಕರೀತೀನಿ. ಅಕ್ಕ, ಕೇಳಿಸ್ತಾ? ಅಕ್ಕ!”

“ಕೇಳಿಸ್ತು ಕಣೆ, ಸಕ್ಕರೆ ಡಬ್ಬ ಎಲ್ಲಿಟ್ಟಿದೀಯ?”

ಸಕ್ಕರೆ ಡಬ್ಬವನ್ನು ಅತ್ತೆಗೆ ಎಟುಕದ ಹಾಗೆ ಮೇಲಿನ ಗೂಡಿಗೆ ಸೇರಿಸಿದವಳೂ ಇವಳೇ. ಎಲ್ಲಿದೆಯೆಂದು ಹೇಳಿದಳು.

ಆಂಬುಲೆನ್ಸಿಗೆ ವಿಳಾಸ ಹೇಳಿ, ನಾದಿನಿಯ ಮೇಲಿನ ಆರ್ಡರಿನ ಕೆಲಸ ನಿಲ್ಲಿಸಲು ಆಫೀಸಿನ ಅಕ್ಕನಿಗೆ ಒಂದೇ ಉಸಿರಿನಲ್ಲಿ ಒದರಿ, ಚೀಲ ಎತ್ತಿಕೊಂಡಳು. ಬಾಗಿಲಲ್ಲಿ ಎಷ್ಟೊತ್ತಪ್ಪ ಅಡ್ಡ ನಿಂತಿದ್ದರು. “ವಾಪಸ್ ಬರೋದು ಎಷ್ಟೊತ್ತಾಗುತ್ತೆ?”

“ನಮ್ಮತ್ತೆ ಏಳ್ತಿಲ್ಲ ಸರ್” ಎಂದಳು.

“ಅದೇ ಸರಿಹೋಯ್ತಂತಲ್ಲಮ್ಮ?”

ಉತ್ತರ ಕೊಡಲು ಅವಳು ಅಲ್ಲಿರಲಿಲ್ಲ. ರಸ್ತೆಯುದ್ದಕ್ಕೂ ಆಟೋದ ಕಂಬಿ ಹಿಡಿದು ಕೂತಳು. ಮನೆಗೆ ಬಂದ ಹೊಸತರಲ್ಲಿ ತನಗೆ ಜ್ವರ ಬಂದಾಗ ಅತ್ತೆ ತಲೆದೆಸೆಯಲ್ಲೇ ಕೂತು ಗಂಜಿ ಕುಡಿಸಿದ್ದು, ತಾನು ಬೇಡ ಎಂದಾಗ “ಸರಿ ಬಿಡು” ಎಂದು ಲೋಟ ಪಕ್ಕಕ್ಕಿಟ್ಟದ್ದು, ಏನೇನೋ ನೆನಪಾಗುತ್ತಿತ್ತು. ಏನಾದರೂ ಹೆಚ್ಚುಕಮ್ಮಿಯಾದರೆ ಗಂಡನಿಗೆ ಏನು ಹೇಳುವುದು? ನಿಮ್ಮಮ್ಮನಿಗೆ ನಾವಿಬ್ಬರೂ ಸೇರಿ ಚುಚ್ಚಿದೆವು ಅನ್ನುವುದೇ? ಬೆಳಗಿನ ತಿಂಡಿಯನ್ನಾದರೂ ಪೂರ್ತಿ ತಿಂದರೋ ಇಲ್ಲವೋ, ಅದನ್ನೂ ನಿಂತು ನೋಡಿರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಹಿರಿಸೊಸೆ ಕೂತಿದ್ದಳು. ಬೆರಳಿಗೆಲ್ಲ ಇನ್ನೂ ಸಕ್ಕರೆ ಅಂಟಿಕೊಂಡಿತ್ತು. “ಕಣ್ಣು ಬಿಟ್ರು” ಎಂದಳು, ಅಷ್ಟೇ. ಇಬ್ಬರೂ ಅಲ್ಲೇ ತಬ್ಬಿಕೊಂಡು ಬಿಕ್ಕಿದರು. ಯಾರ ತಪ್ಪು ಎಷ್ಟೆಂದು ಲೆಕ್ಕ ಹಾಕುವಷ್ಟು ತ್ರಾಣ ಇಬ್ಬರಲ್ಲೂ ಇರಲಿಲ್ಲ.

ಒಳಗೆ ಅತ್ತೆ ಕೈಗೆ ಗ್ಲೂಕೋಸ್ ಹಾಕಿಸಿಕೊಂಡು ದಿಂಬಿಗೆ ಒರಗಿದ್ದರು. ಮುಖ ಸೋತಿತ್ತು, ಕಣ್ಣು ಮಾತ್ರ ಎಂದಿನ ಹಾಗೇ ಹರಿತವಾಗಿತ್ತು.

“ಬಾರಮ್ಮ. ನನ್ನ ಖಾಲಿ ಮಾಡಿ ಹೊರಗೆ ಹಾಕ್ತೀಯಂತೆ? ಮಂಪರಿನಲ್ಲಿ ಬಿದ್ದಿದ್ದೆ, ದೊಡ್ಡವಳು ಮೆಸೇಜ್ ಓದಿ ಕಿರುಚಿದ್ದು ಮಾತ್ರ ಕಿವಿಗೆ ಬಿತ್ತು.”

ಕಿರಿಸೊಸೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಂಚದ ಅಂಚಿಗೆ ಕೂತು, ತಲೆ ತಗ್ಗಿಸಿ, ಎಲ್ಲವನ್ನೂ ಹೇಳಿದಳು. ಅತ್ತೆ ಅನ್ನೋ ಯಂತ್ರ, ಸಡಿಲವಾದ ವೈರು, ಎರಡೆರಡಾದ ಮಾತ್ರೆ, ಯಾವುದನ್ನೂ ಮುಚ್ಚಿಡಲಿಲ್ಲ. ಅತ್ತೆ ಮಧ್ಯೆ ಬಾಯಿ ಹಾಕದೆ ಕೇಳಿದರು. ಹೆಸರಿನ ವಿಷಯಕ್ಕೆ ಬಂದಾಗ ಅವರ ತುಟಿಯ ಅಂಚು ಸ್ವಲ್ಪ ಅಲುಗಿತು.

“ಗೊರಗೊರ ಅನ್ನುತ್ತಾ ಅದು?”

“ಹೂಂ ಅತ್ತೆ.”

“ಸದ್ಯ, ಹೆಸರು ಸರಿಯಾಗೇ ಇಟ್ಟಿದೀಯ.”

ಹಿರಿಸೊಸೆ ಅಳುವಿನ ನಡುವೆಯೇ ಕಿಸಕ್ಕೆಂದಳು. ಕಿರಿಸೊಸೆಗೆ ನಗು ಬರಲಿಲ್ಲ. ಅವಳು ಕೇಳಿದಳು: “ಅಲ್ಲ ಅತ್ತೆ, ಅಕ್ಕ ಎರಡನೇ ಸಲ ಚುಚ್ಚೋಕೆ ಬಂದಾಗ ಒಂದು ಮಾತು ಹೇಳಬಾರದಿತ್ತಾ?”

ಅತ್ತೆ ಸೂಜಿ ಚುಚ್ಚಿದ್ದ ಕೈಯನ್ನು ಮೆಲ್ಲಗೆ ಎದೆಯ ಮೇಲೆ ಎಳೆದುಕೊಂಡರು.

“ಹೇಳ್ದೆ. ಆಯ್ತಮ್ಮ, ಚಿಕ್ಕವಳು ಚುಚ್ಚಿ ಹೋದ್ಳು ಅಂತ ಹೇಳ್ದೆ. ನೀವು ಯಾವಾಗ್ಲೂ ಹಾಗೇ ಅಂತೀರ ಅಂದ್ಲು ದೊಡ್ಡವಳು. ಇನ್ನೊಂದ್ಸಲ ಹೇಳ್ದೆ. ಆಮೇಲೆ ನನಗೇ ಅನುಮಾನ ಬಂತು, ನಿಜಕ್ಕೂ ಮರೆತ್ನೋ ಏನೋ ಅಂತ. ತೋಳು ಚಾಚಿದೆ.”

ಹಿರಿಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಅತ್ತೆ ಕಿರಿಸೊಸೆಯನ್ನೇ ನೋಡುತ್ತ ಕೇಳಿದರು.

“ನಿಮ್ಮ ಆಫೀಸಿನ ಅತ್ತೆ ಏನಾದ್ರೂ ಅಂದ್ರೆ ಕೇಳಿಸ್ಕೊಳ್ಳೋರು ಇದಾರಾ ಅಲ್ಲಿ?”

ಇದ್ದರು. ಆ ಯಂತ್ರ ಗೊಣಗಿದ ಒಂದೊಂದು ಸಾಲನ್ನೂ ಕೂತು ಓದುವುದಕ್ಕೇ ಆಫೀಸಿನವರು ಕಿರಿಸೊಸೆಗೆ ಸಂಬಳ ಕೊಡುತ್ತಿದ್ದರು.

“ನಾನೇ ಅತ್ತೆ” ಎಂದಳು. “ದಿನಾ ನಾನೇ ಕೇಳಿಸ್ಕೊಳ್ಳೋದು.” ಅಷ್ಟು ಹೇಳಿ, ಅತ್ತೆಯ ಮಡಿಲಿಗೆ ಮುಖ ಒತ್ತಿ, ದನಿ ತೆಗೆದು ಅತ್ತಳು.